ಜೋಳದ ದಂಟಿನ ಎರಡು ಗುರುತು

ರೈಲಿಗೆ ಇನ್ನೂ ಹೊತ್ತಿದ್ದುದರಿಂದ ವಾಡಿ ನಿಲ್ದಾಣದ ಹತ್ತಿರದ ಹೊಸ ಹೋಟೆಲ್ಲಿಗೆ ಹೋಗಿ, ಅಂಜೂರದ ವೈನ್ ಸಾಸ್ ಹಾಕಿದ ಐಸ್‌ಕ್ರೀಂ ಹೇಳಿದೆ. ಐಸ್‌ಕ್ರೀಂ ಬಂತು, ಸಾಸ್ ಇನ್ನೂ ಒಲೆಯ ಮೇಲಿತ್ತು. ಎದುರಿಗೇ ತೆರೆದಿದ್ದ ಅಡುಗೆಮನೆಯಲ್ಲಿ ಪಕ್ಕದ ಭಂಕೂರು ಹಳ್ಳಿಯ ಅಡುಗೆಯಾಕೆ ಶಾಂತಮ್ಮ ಅಂಜೂರ, ದಾಲ್ಚಿನ್ನಿ, ಲವಂಗ, ಬೆಲ್ಲವನ್ನು ವೈನಿನಲ್ಲಿ ಕುದಿಸುತ್ತಿದ್ದರು. ಮ್ಯಾನೇಜರ್ ಪಾತ್ರೆಯೊಳಗೆ ಇಣುಕಿದ.

“ಇಡೀ ಬಾಟ್ಲಿ ಕೊಟ್ಟಿದ್ದೆ, ಇಷ್ಟೇ ಅದ. ಉಳದದ್ದು ಯಾರ ಹೊಟ್ಟ್ಯಾಗ ಹೋಯ್ತು? ಬಾಯಿ ತೆರಿ, ವಾಸನಿ ನೋಡ್ತೀನಿ.”

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕೂಲಿ ಮುಗಿಸಿ ಹೊರಟ ನನ್ನ ಅವ್ವನ ಮಡಿಲನ್ನೂ ಕಾಳು ಕದ್ದಿದ್ದಾಳೆಯೇ ಎಂದು ಹೊಲದ ಒಡೆಯರು ಬದುವಿನಲ್ಲಿ ಹೀಗೇ ತಡವಿ ಕಳಿಸುತ್ತಿದ್ದರು. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನು, ಕುದಿದದ್ದು ಇಂಗುತ್ತದೆ ಎಂದು ಅವನಿಗೆ ಕಲಿಸಲು ಎದ್ದೆ.

“ನೀವು ಕುಂದ್ರಿ ಸರ್,” ಎಂದರು ಶಾಂತಮ್ಮ.

ಅವರು ಪಾತ್ರೆಯಲ್ಲಿ ಅದ್ದಿ ಅಳತೆ ನೋಡುತ್ತಿದ್ದ, ಸಿಪ್ಪೆ ಸುಲಿದ ಜೋಳದ ದಂಟೊಂದನ್ನು ಎತ್ತಿ ಹಿಡಿದರು. ಮೇಲೆ ತಿಳಿಗೆಂಪು ಗುರುತು, ಅರ್ಧಕ್ಕಿಂತ ಕೆಳಗೆ ಕಪ್ಪುಗೆಂಪು ಗುರುತು.

“ಒಲಿ ಹಚ್ಚೂ ಮುಂದ ಇಲ್ಲಿತನ ಇತ್ತು, ಈಗ ಇಲ್ಲಿತನ ಅದ. ನಡುವಿಂದು ಉಗಿ ಆಗಿ ಹೋಗ್ಯದ. ಆ ಉಗಿ ಬಾಯಿನೂ ಮೂಸಿ ನೋಡ್ರಿ ಸಾಹೇಬ್ರ.”

ಯಾರೋ ನಕ್ಕರು. “ಆಯ್ತು ಬಿಡು, ಲಗೂ ಬಡಸು,” ಎಂದ ಮ್ಯಾನೇಜರ್.

“ಬಡಸ್ತೀನ್ರಿ. ಎಲ್ಲರ ಮುಂದ ಬಾಯಿ ತೆರಿ ಅಂದ್ರಿ, ಎಲ್ಲರ ಮುಂದ ತಪ್ಪಾಯ್ತು ಅನ್ರಿ.”

ಅವನು ಅನ್ನಲಿಲ್ಲ. ಅವರು ಸೌಟು ಮುಟ್ಟಲಿಲ್ಲ. ನನ್ನ ಬಟ್ಟಲಿನ ಐಸ್‌ಕ್ರೀಂ ಕರಗಿ ನೀರಾಯಿತು. ಚಮಚ ಮಗುಚಿಟ್ಟು ಮ್ಯಾನೇಜರನನ್ನೇ ನೋಡುತ್ತ ಕುಳಿತೆ. ನಿಲ್ದಾಣದಲ್ಲಿ ನನ್ನ ರೈಲು ಕೂಗಿತು. ನಾನು ಏಳಲಿಲ್ಲ.