ಅತ್ತೆ ಹೊಲಿಗೆ ಬಿಚ್ಚಿದ ಮಧ್ಯಾಹ್ನ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ದೊಡ್ಡಪ್ಪ. ಮಸ್ಕಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಹತ್ತು ಮಂದಿ ಕೇಳುವಂತೆ ಹೇಳಿದ.

"ನಮ್ಮ ಮನ್ಯಾಗ ಸಹಿ ಮಾಡಾಕ ಬರೋರು ಒಬ್ಬರಿಲ್ಲ. ಇಕಿ ಚಿತ್ರ ಬರದು ಡಿಗ್ರಿ ತರ್ತಾಳಂತ. ಗ್ವಾಡಿಗೆ ಸುಣ್ಣ ಹಚ್ಚಾಕ ಡಿಗ್ರಿ ಯಾಕ ಬೇಕಲೇ?"

ಎರಡನೆಯವರು ನನ್ನ ಹೈಸ್ಕೂಲಿನ ಹೆಡ್ ಮಾಸ್ತರರು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು. ಟೀಚರ್ ಟ್ರೇನಿಂಗ್ ಮಾಡವ್ವ, ಹೊಟ್ಟೆಗೆ ದಾರಿ ಆಗುತ್ತದೆ, ಚಿತ್ರ ನಿಮ್ಮಂಥವರಿಗಲ್ಲ ಎಂದರು. ಅಪ್ಪ ಮಾತ್ರ ಬೇಡ ಅನ್ನಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅವನು ವಾರಕ್ಕೊಮ್ಮೆ ಮನೆಗೆ ಬಂದಾಗ ನನ್ನ ಹಾಳೆಗಳನ್ನು ತಿರುವಿ ನೋಡಿ, "ಎತ್ತಿನ ಕೋಡು ಸಣ್ಣವು ಆಗ್ಯಾವ ನೋಡು" ಎನ್ನುತ್ತಿದ್ದ. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ನಾನು ಸೇರಿದ ಲಿಂಗಸುಗೂರಿನ ಕಲಾಶಾಲೆ ಊರವರೇ ಕೂಡಿ ನಡೆಸುತ್ತಿದ್ದದ್ದು. ಹಳೆಯ ಹತ್ತಿ ಗೋದಾಮು. ಎಷ್ಟು ಗುಡಿಸಿದರೂ ತೊಲೆಗಳಿಂದ ಹತ್ತಿಯ ಎಳೆ ಉದುರಿ ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ನಾನು ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಭತ್ತದ ನಾಟಿ ಶುರುವಾದರೆ ಅವ್ವನ ಜೊತೆ ದಢೇಸುಗೂರಿಗೆ ಕೂಲಿಗೆ. ಹದಿನೈದು ದಿನ ಕೆಸರಿನಲ್ಲಿ ನಿಂತು ಬಂದ ಮೇಲೆ ಬೆರಳುಗಳು ಸೆಟೆದು ಬ್ರಷ್ ಹಿಡಿಯಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಸಡಿಲ ಮಾಡಿಕೊಳ್ಳುತ್ತಿದ್ದೆ. ಹೀಗೆ ಐದು ವರ್ಷ. ನಮ್ಮ ಮನೆತನದ ಮೊದಲ ಪದವಿ ನನ್ನದು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಅದು ಸಿಕ್ಕ ರೀತಿಯ ಬಗ್ಗೆ.

ಕೊನೆಯ ವರ್ಷ ಎಲ್ಲರೂ ಪ್ರದರ್ಶನ ಇಡಬೇಕಿತ್ತು. ಗುಲ್ಬರ್ಗದಿಂದ ಪರೀಕ್ಷಕರು ಬಂದು ನೋಡಿ ಅಂಕ ಹಾಕುವುದು. ಆ ವರ್ಷ ನಮ್ಮ ಮೇಷ್ಟ್ರು ಹೊಸದೊಂದು ನಿಯಮ ತಂದರು. "ಒಂದು ಕೆಲಸದಾಗ ಊರಿನ ಮಂದಿ ಕೈ ಬೀಳಬೇಕು. ನೋಡಾಕ ಬಂದೋರೂ ಏನರ ಸೇರಿಸಬೇಕು. ಸುಮ್ಮ ನಿಂತು ನೋಡಿ ಹೋಗೂದು ಸಾಕು." ನನಗೆ ಥಟ್ಟನೆ ಹೊಳೆದದ್ದು ಕೌದಿ.

ನಮ್ಮ ಓಣಿಯಲ್ಲಿ ಹಳೆಯ ಸೀರೆ, ಅಂಗಿ, ಲಂಗಗಳ ತುಂಡು ಕೂಡಿಸಿ ಹೆಂಗಸರು ಸುತ್ತಲೂ ಕೂತು ಕೌದಿ ಹೊಲಿಯುತ್ತಾರೆ. ಅದನ್ನೇ ಗೋಡೆಯಷ್ಟು ದೊಡ್ಡದಾಗಿ ಹೊಲಿಸಿದರೆ? ಅವ್ವನಿಗೆ ಹೇಳಿದೆ. ಅವ್ವ ಓಣಿಗೆ ಹೇಳಿದಳು. ಓಣಿ ನಕ್ಕಿತು.

"ಸಾಲ್ಯಾಗ ಕೌದಿ ಹೊಲಿಯೂದು ಕಲಿಸ್ತಾರೇನಬೇ? ಹಂಗಾರ ನಾವೆಲ್ಲಾ ಡಿಗ್ರಿ ಆದೋರ!"

ಬಟ್ಟೆ ಹೊಲಿಯುವ ನಮ್ಮ ಪಕ್ಕದ ಮನೆಯ ಖಾಲಾ ತನ್ನ ಮಷೀನಿನ ಕೆಳಗಿನ ಚಿಂದಿಯನ್ನೆಲ್ಲ ಬಾಚಿ ಕೊಡುತ್ತ, "ಅರೇ, ನಂದು ಡಬಲ್ ಡಿಗ್ರಿ. ನಿಮ್ಮ ಮಾಸ್ತರ್‌ನ ಕಳಿಸು ಬೇಟಿ, ಅವರಿಗೂ ಕಲಿಸ್ತೀನಿ" ಎಂದಳು.

ಸಂತೆಕಲ್ಲೂರಿಗೆ ಕೊಟ್ಟಿದ್ದ ಅಪ್ಪನ ತಂಗಿ, ನಮ್ಮತ್ತೆ, ಎಂಟು ದಿನ ಇರಲೆಂದೇ ಬಂದಳು. ಅವಳಷ್ಟು ಸಣ್ಣ ಹೊಲಿಗೆ ಹಾಕುವವರು ನಮ್ಮ ಬಳಗದಲ್ಲೇ ಇಲ್ಲ. ಬಂದವಳು ಚೀಲದಿಂದ ಹಳದಿ ಫ್ರಾಕಿನ ಒಂದು ತೋಳು ತೆಗೆದಳು. ಅದು ನಾಲ್ಕು ವರ್ಷಕ್ಕೆ ಜ್ವರದಲ್ಲಿ ಹೋದ ಅವಳ ಮಗಳದು. ಹನ್ನೊಂದು ವರ್ಷ ಟ್ರಂಕಿನಲ್ಲಿಟ್ಟುಕೊಂಡಿದ್ದಳು.

"ಇದನ್ನ ಹಚ್ಚೋಣ. ಆಮ್ಯಾಲ ಈ ಕೌದಿ ಯಾವುದಾರ ಕೂಸಿಗೆ ಹೊಚ್ಚಾಕ ಕೊಡ್ತಿ ಹೌದಿಲ್ಲೋ?"

ಪ್ರದರ್ಶನದ ವಸ್ತು ಶಾಲೆಗೇ ಸೇರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ "ಹೌದತ್ತಿ" ಎಂದೆ. ಆ ಹಳದಿ ಬಣ್ಣ ನನಗೆ ಬೇಕಾಗಿತ್ತು. ಕೌದಿಯ ನಡುವೆ ಹಚ್ಚಲು ಅಂಥ ಹಳದಿ ಬೇರೆ ಎಲ್ಲಿಂದಲೂ ಸಿಕ್ಕಿರಲಿಲ್ಲ.

ಐದು ಹೆಂಗಸರು ಕೂತು ಎಂಟು ದಿನದಲ್ಲಿ ಮುಗಿಸಿದರು. ಮುಗಿಸಿದರು ಎನ್ನುವಂತಿಲ್ಲ. ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ತುಂಡು ಹೋಳಿಗೆ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅದು. ಹಸಿದ ಕೌದಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಅವ್ವ ಹೋಳಿಗೆ ಮಾಡಿಟ್ಟಿದ್ದಳು. ನಾನು ತಡೆದೆ.

"ಬ್ಯಾಡಬೇ. ಆ ಮೂಲಿ ಹಂಗ ಇರಲಿ. ನೋಡಾಕ ಬಂದೋರು ಅಲ್ಲಿಂದ ಹೊಲಿತಾರ. ಹಂಗ ಮಾಡಿದ್ರನ ಮಾರ್ಕ್ಸು."

"ಬಾಯಿ ತಗದಿದ್ದನ್ನ ಮಂದಿ ಮುಂದ ತೂಗು ಹಾಕ್ತಿ? ಎಂಥಾ ಸಾಲಿ ಅದು?" ಎಂದಳು ಅವ್ವ.

"ನೀವೆಲ್ಲಾ ಬರ್ರಿ. ಪ್ರದರ್ಶನ ಮುಗದ ಮ್ಯಾಲ ಅಲ್ಲೇ ತುಂಬಿಸೋಣ" ಎಂದು ಹೇಳಿ ಮಡಚಿ ಕಟ್ಟಿಕೊಂಡು ಹೋದೆ. ಮಡಚುವ ಮುನ್ನ ಅತ್ತೆ ಹಳದಿ ತೋಳಿನ ಮೇಲೆ ಒಮ್ಮೆ ಕೈಯಾಡಿಸಿದ್ದಳು.

ಕೌದಿಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ಮುಂದೆ ಒಂದು ಮೇಜು, ಅದರ ಮೇಲೆ ಸೂಜಿ, ದಾರ, ಕತ್ತರಿ. ಮೊದಲ ದಿನ ಯಾರೂ ಮುಟ್ಟಲಿಲ್ಲ. ಚಿತ್ರ ಮುಟ್ಟಿದರೆ ಬೈಯುತ್ತಾರೆ ಎಂದು ಎಲ್ಲರಿಗೂ ಭಯ. ಎರಡನೆಯ ದಿನ ಕಾಲೇಜಿನ ಹುಡುಗರ ಗುಂಪೊಂದು ಬಂತು. ಭಯ ಬಿಟ್ಟಿತು. ಬಿಟ್ಟ ಮೂಲೆಯಲ್ಲಿ ಒಬ್ಬನೂ ಹೊಲಿಯಲಿಲ್ಲ; ಎಲ್ಲರೂ ಕಣ್ಣಿಗೆ ಹೊಡೆಯುವ ಕಡೆಗೇ ಹೋದರು. ಮೂರನೆಯ ದಿನ ಮಧ್ಯಾಹ್ನ ನಮ್ಮ ಓಣಿಯವರು ಬಸ್ಸಿಳಿದು ಬರುವಷ್ಟರಲ್ಲಿ ಹಳದಿ ತೋಳಿನ ಮೇಲೆ ಕೆಂಪು ದಾರದಲ್ಲಿ ಯಾರದೋ ಹೆಸರಿನ ಮೊದಲಕ್ಷರ, ಒಂದು ಬಾಣ, ಅರ್ಧ ಹೃದಯ.

ಅತ್ತೆ ನೇರ ಅಲ್ಲಿಗೇ ಹೋದಳು.

"ಇದು ಯಾರು ಮಾಡ್ಯಾರ?"

"ನೋಡಾಕ ಬಂದೋರು, ಅತ್ತಿ. ಎಲ್ಲಾರೂ ಕೂಡಿ ಮಾಡೂದು ಇದು."

"ಎಲ್ಲಾರೂ ಅಂದ್ರ ಯಾರು? ಇವರಿಗೆ ನನ್ನ ಮಗಳು ಗೊತ್ತಿದ್ಲೇನು?"

ಅವಳು ಪಕ್ಕದಲ್ಲಿ ಅಂಟಿಸಿದ್ದ ಚೀಟಿ ತೋರಿಸಿದಳು. "ಇದರಾಗ ಏನು ಬರದೈತಿ, ಓದು."

"ನನ್ನ ಹೆಸರು."

"ಮತ್ತ?"

"ಐದನೇ ವರ್ಷ ಅಂತ."

"ಮತ್ತ?"

ಮತ್ತೇನೂ ಇರಲಿಲ್ಲ. ಒಂದು ಕೆಲಸಕ್ಕೆ ಒಬ್ಬ ವಿದ್ಯಾರ್ಥಿಯ ಹೆಸರು, ಅದು ಶಾಲೆಯ ಪದ್ಧತಿ. ಕೆಳಗೆ ಐದು ಹೆಸರು ಬರೆಯಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಬರೆಯಬೇಕೆಂದು ನನಗೂ ತೋಚಿರಲಿಲ್ಲ. ಖಾಲಾ ಮುಖ ಆ ಕಡೆ ತಿರುಗಿಸಿಕೊಂಡಳು.

ಅತ್ತೆ ಮೇಜಿನ ಮೇಲಿನ ಸೂಜಿ ತೆಗೆದುಕೊಂಡಳು. ಕತ್ತರಿ ಮುಟ್ಟಲಿಲ್ಲ. ಮೊದಲು ಕೆಂಪು ದಾರ, ಆಮೇಲೆ ತಾನೇ ಹಾಕಿದ್ದ ಬಿಳಿ ಹೊಲಿಗೆ. ಸೂಜಿಯ ತುದಿಯಿಂದ ಒಂದೊಂದೇ ಎಬ್ಬಿಸಿ, ಎಳೆದು, ದಾರವನ್ನು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಜನ ನೆರೆದರು. ಹೊರಗೆ ಜೀಪಿನ ಸದ್ದು. ಮೇಷ್ಟ್ರು ಓಡಿಬಂದು ಪಿಸುಗುಟ್ಟಿದರು: "ಏನವ್ವ ಇದು? ನಿಮ್ಮತ್ತಿನ್ನ ಹೊರಗ ಕರಕೊಂಡು ಹೋಗು. ಪರೀಕ್ಷಕರು ಬಂದಾರ. ಐದು ವರ್ಷ ನೀರಾಗ ಹೋಗತೈತಿ."

ನಾನು ಅವಳ ರಟ್ಟೆ ಹಿಡಿಯಲು ಕೈ ಚಾಚಿದೆ. ಅವಳು ತಿರುಗಿ ನೋಡಿದಳು. ಕೈ ಹಿಂದೆಗೆದುಕೊಂಡೆ.

ಪರೀಕ್ಷಕರು ಒಳಗೆ ಬಂದವರು ಅವಳ ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಬಹಳ ಚೆನ್ನಾಗಿದೆ. ಎಲ್ಲರೂ ಹೊಲಿಯುತ್ತಾರೆ, ಇವರೊಬ್ಬರು ಬಿಚ್ಚುತ್ತಾರೆ. ಇದು ನಿನ್ನ ಯೋಚನೆಯೇ?"

ಅಲ್ಲ ಎಂದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನನಗೆ ಕಂಡದ್ದು ದಢೇಸುಗೂರಿನ ಕೆಸರು ಮಾತ್ರ.

"ಹೌದು ಸರ್" ಎಂದೆ.

ಅತ್ತೆಗೆ ಕೇಳಿಸಿತು. ಅವ್ವನಿಗೂ ಕೇಳಿಸಿತು. ಪರೀಕ್ಷಕರು ಏನೋ ಬರೆದುಕೊಂಡು ಮುಂದಿನ ಕೆಲಸಕ್ಕೆ ಹೋದರು. ಅತ್ತೆ ಕೊನೆಯ ಹೊಲಿಗೆ ಬಿಚ್ಚಿ, ತೋಳನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು. "ನಾ ಬರ್ತೀನಿ ವೈನಿ" ಎಂದು ಅವ್ವನಿಗಷ್ಟೇ ಹೇಳಿದಳು. ಒಬ್ಬಳೇ ಹೋಗಿ ಸಂತೆಕಲ್ಲೂರಿನ ಗಾಡಿ ಹತ್ತಿದಳು.

ಉಳಿದವರು ಮಸ್ಕಿಯ ಬಸ್ಸು ಹತ್ತಿದೆವು. ಅಷ್ಟು ದಿನ ನಗಿಸಿದ್ದ ಖಾಲಾ ಒಂದೇ ಮಾತು ಅಂದಳು: "ಪಾಸ್ ಆಗ್ತಿ ಬಿಡು ಬೇಟಿ. ಭಾರಿ ಪಾಸ್ ಆಗ್ತಿ."

ಆದೆ. ನಮ್ಮ ತಂಡದಲ್ಲಿ ನನಗೇ ಹೆಚ್ಚು ಅಂಕ. ನಡುವೆ ತೋಳಿನಷ್ಟು ಜಾಗ ಬಯಲಾದ, ಮೂಲೆ ಮುಚ್ಚದ ಆ ಕೌದಿ ಶಾಲೆಯ ಆಫೀಸಿನ ಗೋಡೆಗೆ ಹೋಯಿತು. ವಾಪಸು ಕೊಡಿ, ಯಾವುದಾದರೂ ಕೂಸಿಗೆ ಕೊಡಬೇಕು ಎಂದು ಕೇಳಬೇಕೆಂದಿದ್ದೆ. ಸರ್ಟಿಫಿಕೇಟ್ ಕೈಗೆ ಬರಲಿ, ಆಮೇಲೆ ಕೇಳಿದರಾಯಿತು ಎಂದು ಮುಂದೆ ಹಾಕಿದೆ. ಸರ್ಟಿಫಿಕೇಟ್ ಬರಲು ಹಿಡಿದ ಆರು ತಿಂಗಳು ಅತ್ತೆ ನಮ್ಮ ಮನೆಗೆ ಬರಲಿಲ್ಲ. ನಾನೂ ಹೋಗಲಿಲ್ಲ. ಅಪ್ಪ ಒಮ್ಮೆ, "ತಂಗಿ ಯಾಕ ಬರವಲ್ಲಳು?" ಎಂದು ಕೇಳಿದಾಗ ಅವ್ವ ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು.

ಸಿಂಧನೂರಿನಲ್ಲಿ ಪದವಿ ಕೊಡುವ ಸಮಾರಂಭ. ಶಾಮಿಯಾನ, ಮೈಕು, ಒಂದಾದ ಮೇಲೊಂದು ಭಾಷಣ. ನನ್ನ ಹೆಸರು ಕರೆದರು. ಚಪ್ಪಾಳೆ ಬಿತ್ತು, ಸಂತೋಷವೂ ಆಯಿತು; ಸುಳ್ಳೇಕೆ ಹೇಳಲಿ. ವೇದಿಕೆಯ ಮೇಲಿದ್ದ ದೊಡ್ಡ ಮನುಷ್ಯರು ಸರ್ಟಿಫಿಕೇಟ್ ಕೊಟ್ಟು ಕೈ ಮುಗಿದರು. ಕೆಳಗಿಳಿದು, ಹಿಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಕೈಗೆ ಕೊಟ್ಟೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು. ಕಣ್ಣು ತುಂಬಿತ್ತು.

"ಚಲೋ ಆತವ್ವ. ಭಾಳ ಚಲೋ ಆತು," ಎಂದಳು. ಆಮೇಲೆ ದನಿ ತಗ್ಗಿಸಿ, "ಇದು ನನ್ನ ಕೈಯಾಗಿರಲಿ. ನೀ ಇವತ್ತ ಸಂತೆಕಲ್ಲೂರಿಗೆ ಹೋಗು. ಅಕಿ ಬೈದ್ರ ಬೈಸಿಕೊಂಡು ಬಾ."