ಪಲಂಗ ಹಿಡಿದ ಕಸೂತಿ ಚಾದರ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ತುಳಸಿಗೆ ನೀರು ಹಾಕಿ, ಬಾಲ್ಕನಿಯ ಪಾರಿವಾಳಗಳನ್ನು ಬೈದು ಓಡಿಸಿದೆ. ಅಂಟುವಾಳದ ನೊರೆ ಎಬ್ಬಿಸಿ ಅತ್ತೆಯವರಿಗೆ ಸ್ನಾನ ಮಾಡಿಸಿದೆ. ಅತ್ತೆಯವರು ತೀರಿಕೊಂಡು ಬಹಳ ವರ್ಷವಾಯಿತು. ಸ್ನಾನವಾದದ್ದು ಅವರ ಕಸೂತಿ ಚಾದರಕ್ಕೆ. ಆದರೆ ನಮ್ಮ ಮನೆಯಲ್ಲಿ ಈ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಉಳಿದಿಲ್ಲ.

ಧಾರವಾಡದಿಂದ ನನ್ನ ನಾದಿನಿ ಸುಮಿತ್ರಕ್ಕ ಫೋನ್ ಮಾಡಿದ್ದಳು. "ಅವ್ವನ ಚಾದರ ನೋಡಾಕ ಬರಾಕತ್ತೀನಿ. ಛಂದಾಗಿ ಇಟ್ಟಿರ್ಲಿಲ್ಲಂದ್ರ ಒಯ್ದು ಬಿಡ್ತೀನಿ ನೋಡು!" ಅತ್ತೆಯವರು ಮಗಳೆದುರೇ ನನ್ನ ಕೈಗಿಟ್ಟ ಚಾದರ ಅದು. ಅದು ಹೋದರೆ ಸೊಸೆತನದ ಸರ್ಟಿಫಿಕೇಟೇ ಹೋದಂತೆ.

ಹಳೆಯ ಕಸೂತಿಯ ಆರೈಕೆ ಎಂದರೆ ಬಾಣಂತನ. ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆ. ಹಿಂಡಿದರೆ ದಾರ ಜಗ್ಗುತ್ತದೆ. ನುಸಿಗುಳಿಗೆ ಮೈಗೆ ತಾಗಬಾರದು. ಮಡಿಕೆ ಒಂದೇ ಕಡೆ ಬಿದ್ದರೆ ಅಲ್ಲೇ ಸೀಳುತ್ತದೆಂದು ಆಗಾಗ ಬಿಚ್ಚಿ ಬೇರೆ ಕಡೆ ಮಡಿಸಬೇಕು. ನಾನೊಂದು ತುದಿ, ಯಜಮಾನರೊಂದು ತುದಿ ಹಿಡಿದು ನಿಂತರೆ ನಡುವೆ ಅಂತರಪಟ ಹಿಡಿದಂತಿರುತ್ತದೆ. ಮಂಗಲಾಷ್ಟಕ ಹೇಳುವವರಿಲ್ಲ, ಅಷ್ಟೇ.

ಇಸ್ತ್ರಿಯನ್ನು ಹಿಂಬದಿಯಿಂದ ಮಾಡಬೇಕೆಂಬುದು ಇನ್ನೊಂದು ನಿಯಮ. ಒಮ್ಮೆ ಯಜಮಾನರು ಒಣಗಿದ ಚಾದರವನ್ನು ಅತ್ತಿತ್ತ ತಿರುವಿ ಹಾಕಿದರು. ಅತ್ತಲೂ ಕಸೂತಿಯ ಆನೆ, ಇತ್ತಲೂ ಆನೆ. ಎಲ್ಲೂ ಒಂದು ಗಂಟಿಲ್ಲ.

"ಇದರ ಬೆನ್ನು ಯಾವ್ದು?"

"ಬೆನ್ನಽ ಇಲ್ರೀ. ಎರಡೂ ಕಡೆ ಮಾರಿ."

"ಅವ್ವನಂಗಽ ಅದ. ಹಿಂದಿನಿಂದ ಏನೂ ಮಾಡಾಕ ಬಿಡೂದಿಲ್ಲ," ಎಂದು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು.

ಒದ್ದೆ ಚಾದರವನ್ನು ನೇತುಹಾಕುವಂತಿಲ್ಲ. ನೀರಿನ ಭಾರಕ್ಕೆ ಕಸೂತಿಯ ಗೋಪುರಗಳು ಸೊಟ್ಟಗಾಗುತ್ತವೆ. ಅಂಗಾತ ಮಲಗಿಸಿಯೇ ಒಣಗಿಸಬೇಕು. ಮರಾಠಿ ಸೀಮೆಯ ಕಾತ್ರಜದ ನಮ್ಮ ಫ್ಲ್ಯಾಟಿನಲ್ಲಿ ಅದು ಕೈಕಾಲು ಚಾಚುವಷ್ಟು ಜಾಗವಿರುವುದು ಡಬಲ್ ಪಲಂಗದ ಮೇಲೆ ಮಾತ್ರ. ಹಾಗಾಗಿ ಪ್ರತಿ ಸ್ನಾನದ ನಂತರ ಅದು ಒಳಗೆ ಪಲಂಗದಲ್ಲಿ, ನಾವಿಬ್ಬರೂ ಹಾಲ್‌ನಲ್ಲಿ ನೆಲದ ಮೇಲೆ. ಇವತ್ತೂ ಪರದೆ ಎಳೆದು, ಫ್ಯಾನು ಸಣ್ಣಗೆ ತಿರುಗಿಸಿ, ಯಾಕೋ ಏನೋ ಪಿಸುದನಿಯಲ್ಲೇ ಮಾತಾಡುತ್ತಿದ್ದೆವು. ಎದುರುಮನೆಯಾಕೆ, ನಾವು ಕಾಕು ಎನ್ನುವವರು, ಹಣಿಕಿ ನೋಡಿ, "ಕೋಣ್ ಆಜಾರೀ ಆಹೇ?" ಎಂದು ಮರಾಠಿಯಲ್ಲಿ ತಾವೂ ಪಿಸುಗುಟ್ಟಿದರು. ಕಾಯಿಲೆ ಯಾರಿಗೂ ಇಲ್ಲವೆಂದರೂ ನಂಬದೆ, ರೋಗಿಗೆಂದು ಮೆತ್ತಗಿನ ಹೆಸರುಬೇಳೆ ಖಿಚಡಿ ಕಳಿಸಿಕೊಟ್ಟರು.

ಸಂಜೆ ಸುಮಿತ್ರಕ್ಕ ಬಸ್ಸಿಳಿದು ಬಂದಳು. ಕೈಯಲ್ಲಿ ದೊಡ್ಡ ಚೀಲ. ನನಗೆ ಖಾತ್ರಿಯಾಯಿತು: ಒಯ್ಯಲಿಕ್ಕೇ ತಂದಿದ್ದಾಳೆ! ನೀರನ್ನೂ ಕುಡಿಯದೆ ಒಳಗೆ ಹೋಗಿ, ಚಾಳೀಸು ಕನ್ನಡಕ ಏರಿಸಿ, ಒಂದೊಂದೇ ನವಿಲನ್ನು ಮಾತಾಡಿಸಿದಳು. ಅಂಚು ಮೂಸಿದಳು. ಕೊನೆಗೆ ಕೇಳಿದಳು: "ಇದು ಇಲ್ಲೆ ಮಲಗಿದ್ರ ನೀವೆಲ್ಲೆ ಮಲಗ್ತೀರಿ?"

"ಹಾಲ್‌ನಾಗ. ನೆಲದ ಮ್ಯಾಲೆ."

ಸುಮಿತ್ರಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. "ಅಯ್ಯ ನಮ್ಮವ್ವಾ! ನಮ್ಮನ್ಯಾಗೂ ಇದಽ ಹಾಡು!" ಚೀಲದಿಂದ ಹಳೆಯ ಧೋತರದಲ್ಲಿ ಸುತ್ತಿದ ಗಂಟು ತೆಗೆದು ನನ್ನ ಮಡಿಲಿಗಿಟ್ಟಳು. ಬಿಚ್ಚಿದರೆ ಅವೇ ಆನೆ, ಅವೇ ನವಿಲು. "ಅವ್ವ ಜೋಡೀನಽ ಮಾಡಿದ್ಲು. ಇದು ನನ್ನ ಪಾಲಿಂದು. ನೆಲಾ ಹಾಸಿ ಮಲಗಿ ನನ್ನ ಸೊಂಟ ಹೋತು. ಇಷ್ಟು ಜ್ವಾಪಾನ ಮಾಡೂರು ನಿನ್ನ ಬಿಟ್ರ ಯಾರದಾರ? ಬಸ್ಸಿನಾಗ ಮುದುಡಿಕೊಂಡು ಬಂದದ ಪಾಪ, ಮೊದ್ಲ ಅದು ಕಾಲು ಚಾಚಲಿ."

ಯಜಮಾನರು ನನ್ನ ಮುಖ ನೋಡಿದರು. ನಾನು ನೋಡಲಿಲ್ಲ. ಒಂದನ್ನು ಜೋಪಾನ ಮಾಡಿದವರಿಗೆ ಸಿಗುವ ಬಹುಮಾನ ಇನ್ನೊಂದು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಭಾರೀ ಖುಷಿಯಾಗಿತ್ತು. ಮೊದಲಿನದು ಅಷ್ಟರಲ್ಲಿ ಒಣಗಿತ್ತು. ನಡುವೆ ಧೋತರ ಹಾಸಿ, ಅಕ್ಕನದನ್ನು ಅದರ ಮೇಲೆ ಹರವಿದೆವು.

ರಾತ್ರಿ ರೋಗಿಯ ಖಿಚಡಿಯನ್ನು ನಾವೇ ಉಂಡೆವು, ಅಕ್ಕ ತಂದ ಶೇಂಗಾ ಚಟ್ನಿಯ ಜೊತೆ. ಹಾಲ್‌ನಲ್ಲಿ ಮೂವರೂ ಸಾಲಾಗಿ ಅಡ್ಡಾದೆವು. ಸೊಂಟದ ಸುದ್ದಿ ಮುಗಿಯುವ ಮೊದಲೇ ಸುಮಿತ್ರಕ್ಕನ ಗೊರಕೆ ಶುರುವಾಯಿತು. ಅದಕ್ಕೂ ಎಷ್ಟೋ ಮೊದಲು, ಪಲಂಗದ ಮೇಲೆ, ಅತ್ತೆಯವರ ಎರಡೂ ಚಾದರಗಳು ಮಲಗಿಬಿಟ್ಟಿದ್ದವು.