ಸೀರಿ ಉಡಿಸಿದ್ರೋ ಇಲ್ಲೋ

ನಿಜಗುಣಪ್ಪ ಸಾಹೇಬರನ್ನು ನಾನು ಮೊದಲ ಸಲ ನೋಡಿದ್ದು ೧೯೯೪ರ ಶ್ರಾವಣದಲ್ಲಿ, ಪಂಚಮಿ ಮುಗಿದ ಮರುವಾರ. ನೋಡಿದೆ ಎಂದರೆ ಅವರ ಬೈತಲೆ ನೋಡಿದೆ. ಕಟಕಟೆಯಲ್ಲಿ ನಿಂತವರಿಗೆ ಅವರು ತೋರಿಸುತ್ತಿದ್ದುದು ಅಷ್ಟೇ. ಎಣ್ಣೆ ಹಚ್ಚಿ, ಹೊಲದ ಬದುವಿನಂತೆ ನೆಟ್ಟಗೆ ತೆಗೆದ ಬೈತಲೆ. ಅದರ ಕೆಳಗೆ ಒಂದು ಮುಖವಿದೆ, ಮುಖದಲ್ಲಿ ಕಿವಿಗಳಿವೆ ಎಂದು ನಂಬಿಕೊಂಡು ನಾವು ಮಾತಾಡಬೇಕು.

ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಸವದತ್ತಿಯೋ ರಾಮದುರ್ಗವೋ ಎಂದು ಕೇಳುವವರು ಕೇಳಿಕೊಳ್ಳಲಿ. ಊರು ಏನೂ ತಪ್ಪು ಮಾಡಿಲ್ಲ.

ನನ್ನ ತಕರಾರು ಹೊಲದ್ದು. ನನ್ನ ಗಂಡ ಮಡಿವಾಳೆಪ್ಪ ಮೊದಲು ತೀರಿಕೊಂಡ, ಎರಡು ವರ್ಷ ಬಿಟ್ಟು ಮಾವ ತೀರಿಕೊಂಡರು. ಮಲಪ್ರಭೆಯ ದಂಡೆಯ ಎರೆಹೊಲದಲ್ಲಿ ಗಂಡನ ಪಾಲು ನನಗೆ ಬರಬೇಕಾಗಿತ್ತು. ಮೈದುನ ಶಂಕರೆಪ್ಪ ಕೊಡುವುದಿಲ್ಲ ಎಂದ. ಬರಿದೇ ಕೊಡುವುದಿಲ್ಲ ಎಂದರೆ ಕೋರ್ಟು ಕೇಳುವುದಿಲ್ಲ, ಕಾರಣ ಬೇಕು. ಬಾಯವ್ವ ಉಡಕಿಯಾಗಿದ್ದಾಳೆ ಎಂಬ ಕಾರಣವನ್ನು ಹುಡುಕಿ ತಂದ. ಗಂಡ ಸತ್ತವಳು ಇನ್ನೊಬ್ಬನನ್ನು ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಉಡಕಿ ಅನ್ನುತ್ತಾರೆ. ಹಂದರವಿಲ್ಲ, ಬಾಸಿಂಗವಿಲ್ಲ. ಮಾಡಿಕೊಳ್ಳುವವನು ಒಂದು ಸೀರೆ ತಂದು ಉಡಿಸಿದರೆ ಆಯಿತು. ಮಾವ ಸಾಯುವ ಮೊದಲೇ ಉಡಕಿಯಾದವಳಿಗೆ ಮಾವನ ಆಸ್ತಿಯಲ್ಲಿ ಪಾಲಿಲ್ಲವೆಂದು ಆಗಿನ ಕಾಯಿದೆ.

ಇನ್ನೊಂದು ಸೀರೆ ಇದೆ. ಗಂಡನ ದಿನಕರ್ಮದ ದಿವಸ, ನಾವು ಬರೀ ದಿನ ಅನ್ನುತ್ತೇವೆ, ತವರಿನ ಅಣ್ಣ ಸೀರೆ ತಂದು ತಂಗಿಗೆ ಉಡಿಸುತ್ತಾನೆ. ಗಂಡ ಹೋದರೂ ತವರು ಹೋಗಿಲ್ಲ ಎಂದು ಅದರ ಅರ್ಥ. ಅದಕ್ಕೂ ಸೀರೆ ಉಡಿಸುವುದು ಅಂತಲೇ ಅನ್ನುತ್ತೇವೆ. ಎರಡಕ್ಕೂ ಮಾತು ಒಂದೇ. ಉಡಿಸಿದವರು ಯಾರು ಎಂದು ಕೇಳಿದರೆ ಮಾತ್ರ ಯಾವ ಸೀರೆ ಎಂದು ತಿಳಿಯುತ್ತದೆ. ನಮ್ಮೂರ ಕಟ್ಟೆಯ ಮೇಲೆ ಬಿದ್ದುಕೊಂಡಿರುವ ಕುಡುಕನೂ ಅದನ್ನು ಕೇಳಿಕೊಂಡೇ ಮುಂದಿನ ಮಾತಾಡುತ್ತಾನೆ.

ಶಂಕರೆಪ್ಪನ ವಕೀಲ ಎದ್ದು ನಿಂತ.

"ಗಂಡ ಸತ್ತ ಮ್ಯಾಲ ನಿಮಗ ಸೀರಿ ಉಡಿಸಿದ್ರೋ ಇಲ್ಲೋ?"

"ಉಡಿಸಿದ್ರರಿ. ಯಾರು ಉಡಿಸಿದ್ರಪಾ ಅಂದ್ರ..."

"ನೋಡಿ ಅಮ್ಮಾ," ಎಂದಿತು ಬೈತಲೆ. "ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. ಉಡಿಸಿದರೇ, ಇಲ್ಲವೇ?"

"ಉಡಿಸಿದ್ರು ಅಂದ್ನೆಲ್ಲರಿ ಸಾಹೇಬ್ರ. ಉಡಿಸಿದಾಂವ ಯಾರು ಅಂತ ಒಂದ ಮಾತು ಕೇಳ್ರಿ. ಇಲ್ಲೇ ಹೊರಗ ಬಾಗಲದಾಗ ನಿಂತಾನ."

ಸಾಹೇಬರು ಟೈಪಿನವನ ಕಡೆ ಕೈ ಮಾಡಿದರು. "ಸೀರೆ ಉಡಿಸಿದ ವ್ಯಕ್ತಿ ಈಗ ತನ್ನ ಸಂಗಡವೇ ಕೋರ್ಟಿಗೆ ಬಂದಿದ್ದಾನೆಂದು ಒಪ್ಪಿದ್ದಾಳೆ. ಬರೆದುಕೊಳ್ಳಿ."

ನನ್ನ ವಕೀಲ ನಾಸಿರ ಆಗ ಇನ್ನೂ ಹರೆಯದವ. ಕೋಟು ಅವನಿಗಿಂತ ಒಂದು ಗೇಣು ದೊಡ್ಡದಿತ್ತು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ ಎಂದು ಎದ್ದ. "ಉತ್ತರ ಸ್ಪಷ್ಟವಾಗಿದೆ, ಕೂತುಕೊಳ್ಳಿ," ಎಂದರು. ಕೂತ. ಸಾಕ್ಷಿ ಇನ್ನೂ ಒಬ್ಬನಿದ್ದಾನೆ ಎಂದು ಮತ್ತೆ ಎದ್ದ. "ತಾನೇ ಒಪ್ಪಿದ ಮೇಲೆ ಸಾಕ್ಷಿ ಯಾತಕ್ಕೆ?" ಎಂದರು. ಮತ್ತೆ ಕೂತ.

ಹೊರಗೆ ನನ್ನ ಅಣ್ಣ ಬಸವಣ್ಣೆಪ್ಪ ರುಮಾಲು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡುತ್ತ ನಿಂತಿದ್ದ.

"ಯಾಕ ತಂಗಿ, ನನ್ನ ಹೆಸರ ಕೂಗಲಿಲ್ಲಲ್ಲ?"

"ಕೂಗಲಿಲ್ಲೋ ಅಣ್ಣಾ. ಬರಕೊಂಡ್ರು."

"ಏನಂತ ಬರಕೊಂಡ್ರು?"

ಅದನ್ನು ಅಣ್ಣನ ಮುಂದೆ ಯಾವ ಬಾಯಿಂದ ಹೇಳುವುದು? ಚಹಾ ಕುಡಿಯೋಣ ಬಾ ಎಂದೆ.

ಕೋರ್ಟಿನ ಗೇಟಿನಲ್ಲಿ ಚಹಾ ಕಾಸುತ್ತಿದ್ದವಳು ಅಮೀರಬಿ, ದೊಡವಾಡದಲ್ಲಿ ಹುಟ್ಟಿ ಬೆಳೆದವಳು. ಯಾವ ಸೀರೆ ಎಂದು ಸಾಹೇಬರಿಗೆ ತಿಳಿಯಲೇ ಇಲ್ಲ ಎಂದಷ್ಟೇ ನಾನು ಹೇಳಿದಾಗ ಅವಳು ಸೌಟು ಹಿಡಿದುಕೊಂಡೇ ನಗತೊಡಗಿದಳು.

"ಯಾರು, ನಮ್ಮ ನಿಜ್ಯಾನ? ನಮ್ಮನಿ ಹಿಂದಿನ ಓಣ್ಯಾಂವ ಅಂವ. ಎಮ್ಮಿ ಬಾಲಾ ಹಿಡಕೊಂಡು ಕೆರಿ ಈಸಿದಾಂವ. ಹೋದ ವಾರ ಒಬ್ಬ ಮುದುಕ ಬಂದು ಎಮ್ಮಿ ಹಾಯ್ತರಿ ಅಂದ್ರ, ಯಾವ ದಾರಿಯಿಂದ ಹಾಯಿತು ಅಂತ ಕೇಳ್ಯಾನ! ಮುದುಕ ಅಂಗಿ ಎತ್ತಿ, ಈ ದಾರಿಯಿಂದರಿ ಅಂತ ಹೊಟ್ಟಿ ಮ್ಯಾಲಿನ ಕೋಡಿನ ಗಾಯ ತೋರಿಸ್ಯಾನ."

"ಊರ ಮಾತು ಮರತಿರಬೇಕು ಬಿಡು," ಎಂದ ಅಣ್ಣ. ಅವನು ಯಾರ ಮೇಲೂ ಸಿಟ್ಟು ಮಾಡುವವನಲ್ಲ.

"ಏನ ಮರೀತಾನ! ಅವನಪ್ಪ ಸತ್ತಾಗ ಅವನ ಸ್ವಾದರಮಾವ ಅವನ ಅವ್ವಗ ಸೀರಿ ಉಡಿಸಿದ್ದು ಈ ಕಣ್ಣಿಲೆ ನೋಡೇನಿ. ಅವ್ವನ ಸೆರಗ ಹಿಡಕೊಂಡು ಅಲ್ಲೇ ನಿಂತಿದ್ದಾ ಇಂವ. ಮರತಿಲ್ಲ ಬಸವಣ್ಣೆಪ್ಪಾ. ಗೊತ್ತೈತಿ ಅಂದ್ರ ಊರ ಎಮ್ಮಿ ವಾಸನಿ ಬರತೈತಿ ಅಂತ ಅವಗ ಹೆದರಿಕಿ."

ಧಾರವಾಡದಲ್ಲಿ ಕಾನೂನು ಓದಲು ಹೋದ ಸಾಹೇಬರು ಅಲ್ಲಿಂದ ಒಂದು ಹೊಸ ನಾಲಿಗೆ ತಂದರಂತೆ. ಊರಿನವರು ಕಾಣಲು ಬಂದರೆ, "ಯಾವ ವಿಷಯವಾಗಿ ಬಂದಿರುವಿರಿ?" ಎನ್ನುತ್ತಿದ್ದರಂತೆ. ತಾಯಿಯನ್ನು ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡಿದ್ದರು. ಆದರೆ ಮಂದಿ ಬಂದಾಗ ಆಕೆ ಹೊರಗೆ ಬಂದು ಮಾತಾಡುವ ಹಾಗಿರಲಿಲ್ಲ. ಆಕೆ ಹಿತ್ತಲ ಬೇಲಿಯ ಹತ್ತಿರ ನಿಂತು ಅಮೀರಬಿಯನ್ನು ಕರೆದು, ಹೊಟ್ಟೆ ತುಂಬ ದೊಡವಾಡದ ಮಾತಾಡಿ ಒಳಗೆ ಹೋಗುತ್ತಿದ್ದರಂತೆ.

ಅವರು ಲಂಚ ತಿನ್ನುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇಕೆ ಬರೆಯಲಿ, ತಿನ್ನುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಬಾಕಿ ಕೇಸು ಉಳಿಸುತ್ತಿರಲಿಲ್ಲ. ನಮ್ಮ ಬೆನ್ನ ಮೇಲಿನ ಭಾರವನ್ನು ನಮ್ಮ ತಲೆಯ ಮೇಲಿಟ್ಟು, ಬೆನ್ನು ಖಾಲಿಯಾಯಿತು ಎಂದು ಬರೆದುಕೊಳ್ಳುತ್ತಿದ್ದರು. ಆದರೆ ನನಗನ್ನಿಸುತ್ತದೆ, ಲಂಚ ತಿನ್ನುವವನು ಎಷ್ಟು ಕೇಳಬೇಕೆಂದು ತೂಗುವುದಕ್ಕಾದರೂ ನಮ್ಮ ಮಾತನ್ನು ಪೂರ್ತಿ ಕೇಳುತ್ತಾನೆ.

ದೀಪಾವಳಿಯ ಮುಂದೆ ತೀರ್ಪು ಬಂತು. ಬಾಯವ್ವ ಉಡಕಿಯಾದದ್ದನ್ನು ತಾನೇ ಒಪ್ಪಿದ್ದಾಳೆ, ಹೊಲದಲ್ಲಿ ಪಾಲಿಲ್ಲ. ಯಾರಿಗೆ ಉಡಕಿಯಾದಳು ಎಂದು ಅದರಲ್ಲಿ ಇರಲಿಲ್ಲ. ಕೇಳಿದ್ದರೆ ತಾನೆ ಇರುವುದು? ಸಾಹೇಬರು ಬಿಟ್ಟ ಆ ಜಾಗವನ್ನು ಊರು ತುಂಬಿತು. ಸೀರೆ ಉಡಿಸಿ, ಸಂಗಡ ಕೋರ್ಟಿಗೆ ಬಂದು ನಿಂತವನು ಯಾರು ಎಂದು ಎಲ್ಲರೂ ಬಲ್ಲರು.

ಶಂಕರೆಪ್ಪ ಹಿಟ್ಟಿನ ಗಿರಣಿಯ ಮುಂದೆ ನಾಲ್ಕು ಮಂದಿಯ ಎದುರು ಅಣ್ಣನನ್ನು ನಿಲ್ಲಿಸಿ, "ಏನ ಬಸವಣ್ಣೆಪ್ಪಾ, ಇನ್ನ ನಿನಗ ಏನಂತ ಕರೀಬೇಕೋ ನಾನು? ಬೀಗ್ಯಾ ಅನ್ಲೋ, ಅಣ್ಣಾ ಅನ್ಲೋ? ಕೋರ್ಟಿನಾಂವ ಸಂಬಂಧಾನ ಬದಲ ಮಾಡಿಬಿಟ್ಟನಲ್ಲೋ!" ಎಂದ. ಮಂದಿ ನಕ್ಕರು. ಅಣ್ಣ ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಹೋದ.

ಮುಂದಿನ ಪಂಚಮಿಗೆ ಅವನು ನನ್ನನ್ನು ತವರಿಗೆ ಕರೆಯಲು ಬರಲಿಲ್ಲ. ಅದರ ಮುಂದಿನ ಪಂಚಮಿಗೂ ಬರಲಿಲ್ಲ. ಅವನ ಹೆಂಡತಿ ಗುರುಬಸವ್ವನ ಕೈಯಲ್ಲಿ ಉಂಡಿ ಕಳಿಸುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಾನು ಎದುರಾದರೆ ಆ ಮಗ್ಗುಲಿಗೆ ಸರಿದು ನಿಲ್ಲುತ್ತಿದ್ದ. ಹೊಲ ಹೋದದ್ದು ಹೊಟ್ಟೆಗೆ ತಿಳಿಯಿತು, ಕೂಲಿ ಮಾಡಿ ತುಂಬಿಸಿಕೊಂಡೆ. ಇದನ್ನು ಏನು ಮಾಡಿ ತುಂಬಿಸುವುದು?

ನಾಸಿರ ಮೇಲಿನ ಕೋರ್ಟಿಗೆ ಹಾಕಿದ. ಅಲ್ಲಿ ವರ್ಷಗಳು ಉರುಳಿದವು. ಕೊನೆಗೆ ಮೇಲಿನವರು ಕಾಗದ ಓದಿ, ಸೀರೆ ಉಡಿಸಿದವರು ಯಾರೆಂದು ಯಾರೂ ಕೇಳಿಯೇ ಇಲ್ಲವಲ್ಲ ಎಂದು ಕೇಸನ್ನು ಕೆಳಗೆ ವಾಪಸು ಕಳಿಸಿದರು. ಅಷ್ಟರಲ್ಲಿ ಸಾಹೇಬರು ಬಡ್ತಿ ಮೇಲೆ ಬೇರೆ ಕಡೆ ಹೋಗಿದ್ದರು. ಅಣ್ಣ ಎದೆನೋವು ಬಂದು ಹೋಗಿಬಿಟ್ಟಿದ್ದ.

ಹೊಸದಾಗಿ ಬಂದ ಜಡ್ಜು ಒಬ್ಬ ಹೆಣ್ಣುಮಗಳು. "ಯಾರು ಉಡಿಸಿದ್ರವ್ವಾ?" ಎಂದು ಕೇಳಿದಳು. ನಾನು ಅಂದು ಅಣ್ಣ ನಿಂತಿದ್ದ ಬಾಗಿಲ ಕಡೆ ನೋಡಿದೆ. ಸಾಕ್ಷಿಗೆ ಬಂದ ಗುರುಬಸವ್ವ ಹೇಳಿದಳು:

"ನನ್ನ ಗಂಡ ಉಡಿಸ್ಯಾನ್ರಿ ಜಡ್ಜ್ ಬಾಯಾರ, ಈಕಿ ಒಡಹುಟ್ಟಿದ ಅಣ್ಣ. ಸೀರಿ ಆರಿಸಿದಾಕಿ ನಾನು. ಬಣ್ಣ ಹೋಗತೈತಿ ಬ್ಯಾಡ ಅಂದ್ರೂ ಅಂವ ಕೇಳಲಿಲ್ಲ, ಅದನ್ನಽ ತಂದ."

ಅಷ್ಟೇ ಆಯಿತು. ಹೊಲ ಬಂತು. ಆ ವರ್ಷ ಅದರಲ್ಲಿ ಬಿಳಿಜೋಳ ಚೆನ್ನಾಗಿ ಬೆಳೆಯಿತು. ಪಂಚಮಿಗೆ ಕರೆಯಲು ಬರುವವನು ಇರಲಿಲ್ಲ.

ಸಾಹೇಬರು ನೌಕರಿ ಮುಗಿಸಿ ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದರೆಂದು ಕೇಳಿದೆ. ಕಿತ್ತೂರಿನ ಒಂದು ಸಭೆಯಲ್ಲಿ ಶಾಲು ಹೊದಿಸಿಕೊಂಡು, ನಮ್ಮ ಮಣ್ಣಿನ ಮಾತನ್ನು ಉಳಿಸಬೇಕು ಎಂದು ಭಾಷಣ ಮಾಡಿದರಂತೆ. ಕೇಳಿ ಬಂದ ನಾಸಿರ ನನಗೆ ಹೇಳಿದ. "ಯಾವ ನಾಲಿಗೀಲೆ ಹೇಳಿದ್ರೋ?" ಎಂದು ಕೇಳಿದೆ. "ಧಾರವಾಡದಿಂದ ತಂದದ್ದರಲೇ ಅವ್ವಾ," ಎಂದ.

೨೦೦೬ರಲ್ಲಿ ನಾನು ಅಣ್ಣನ ಮೊಮ್ಮಗಳಿಗೆ ಕುಪ್ಪಸದ ಖಣ ತರಲು ಬೈಲಹೊಂಗಲದ ಅರಿವೆ ಅಂಗಡಿಗೆ ಹೋಗಿದ್ದೆ. ಪಕ್ಕದ ಗಾದಿಯ ಮೇಲೆ ಒಬ್ಬರು ಮುದುಕರು ಕೂತಿದ್ದರು. ಗುರುತು ಹತ್ತಲು ಹೊತ್ತು ಹಿಡಿಯಿತು, ಬೈತಲೆ ತೆಗೆಯಲು ತಲೆಯ ಮೇಲೆ ಕೂದಲೇ ಉಳಿದಿರಲಿಲ್ಲ. ಅಂಗಡಿಯವನು ಎದುರಿಗೆ ಕೆಂಪು, ಹಸಿರು, ಹಳದಿ ಹರವಿದ್ದ. "ಅಲ್ಲೋ ತಮ್ಮಾ, ಇಂಥಾವಲ್ಲ. ದಿನಕ್ಕ ಒಯ್ಯೂವಂಥಾದ್ದು ತೋರಸೋ," ಎನ್ನುತ್ತಿದ್ದರು. ಖಾಸಾ ದೊಡವಾಡದ ಮಾತು.

ಯಾವುದನ್ನು ಕೊಡಬೇಕೆಂದು ಅವನಿಗೂ ತಿಳಿಯಲಿಲ್ಲ, ಯಾವುದನ್ನು ಆರಿಸಬೇಕೆಂದು ಇವರಿಗೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದರು.

"ಯವ್ವಾ, ನೀವಾರೆ ಒಂದೀಟ ಹೇಳ್ರಿ. ಇದರಾಗ ಯಾವದು ನಡೀತೈತಿ?"

"ಯಾರಿಗ್ರಿ?"

"ನನ್ನ ತಂಗಿಗೆ. ಆಕಿ ಗಂಡ ತೀರಿಕೊಂಡಾರ. ನಾಳಿ ದಿನಾ."

ತಂಗಿಯದೇನು ತಪ್ಪು? ಕೆಳಗಿನಿಂದ ಒಂದು ನೀಲಿ ಸೀರೆ ಎಳೆದು, ಅಂಚು ನೋಡಿ, ಬಣ್ಣ ಬಿಡುತ್ತದೋ ಎಂದು ಬೆರಳು ಒದ್ದೆ ಮಾಡಿ ತಿಕ್ಕಿ ನೋಡಿ ಅವರ ಮುಂದಿಟ್ಟೆ. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದರು. ಖಣ ಮಡಚಿ ಚೀಲಕ್ಕೆ ಹಾಕುತ್ತ ನಾನು ಕೇಳಿದೆ:

"ಸೀರಿ ಯಾರು ಉಡಿಸಾವ್ರರಿ ಸಾಹೇಬ್ರ?"

ಅವರು ತಲೆ ಎತ್ತಿ ಅಂದು ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದರು. ಗುರುತೇನೂ ಹತ್ತಲಿಲ್ಲ.

"ಇದೇನ ಕೇಳತೀರವ್ವಾ? ಅಣ್ಣ ಅಂತ ನಾ ಜೀವಂತ ಇರೂವಾಗ ಮತ್ಯಾರು ಉಡಿಸ್ತಾರ?"